ನಮ್ಮೂರಿಗೆ ಮೈನ್ಸ್ ಬರ್ತಿದೆ: ಜಗಳ ಆಡೋದಾ, ಹೊಂದಿಕೊಳ್ಳೋದಾ?

ಪ್ರಶ್ನೆ: ನಮ್ಮದು ಸಂಡೂರು ತಾಲೂಕಿನ ಒಂದು ಸಣ್ಣ ಹಳ್ಳಿ. ನಮ್ಮ ಗುಡ್ಡದ ಒಂದು ಗಣಿ ಬ್ಲಾಕ್ ಹರಾಜಾಗಿದೆ. ಮುಂದಿನ ತಿಂಗಳು ಸಾರ್ವಜನಿಕ ಅಹವಾಲು ಸಭೆ ಅಂತ ಪಂಚಾಯಿತಿಯಲ್ಲಿ ನೋಟಿಸ್ ಅಂಟಿಸಿದ್ದಾರೆ. ಊರು ಎರಡಾಗಿದೆ. ಲಾರಿ ಇರುವವರು, ಕೆಲಸ ಇಲ್ಲದ ಹುಡುಗರು ಬರಲಿ ಅಂತಾರೆ. ಹೊಲ ಇರುವವರು, ಕುರಿ ಕಾಯುವವರು ಬೇಡ ಅಂತಾರೆ. ಕಂಪನಿಯವರು ಬಂದು ದೇವಸ್ಥಾನಕ್ಕೆ ಚಾವಣಿ, ಶಾಲೆಗೆ ಕಂಪ್ಯೂಟರ್ ಕೊಡ್ತೀವಿ ಅಂದಿದ್ದಾರೆ. ಜಗಳ ಆಡೋದು ಒಳ್ಳೆಯದಾ, ಮಾತಾಡಿ ಹೊಂದಿಕೊಳ್ಳೋದು ಒಳ್ಳೆಯದಾ? ಬೇರೆ ಕಡೆ ಜನ ಏನು ಮಾಡಿದ್ದಾರೆ?

ಉತ್ತರ: ಸಭೆಗೆ ಹೆಚ್ಚು ದಿನ ಇಲ್ಲ. ಹಾಗಾಗಿ ದೊಡ್ಡ ಮಾತು ಆಮೇಲೆ, ಮೊದಲು ಆ ನೋಟಿಸಿನ ವಿಷಯ.

ಅದು ವೋಟು ಹಾಕುವ ಸಭೆ ಅಲ್ಲ. ಇದು ತುಂಬ ಜನಕ್ಕೆ ಗೊತ್ತಿಲ್ಲ. ಬೇಕು ಅಂದವರೆಷ್ಟು, ಬೇಡ ಅಂದವರೆಷ್ಟು ಅಂತ ಅಲ್ಲಿ ಯಾರೂ ತಲೆ ಎಣಿಸುವುದಿಲ್ಲ. ಇಷ್ಟು ಜನ ಸೇರಲೇಬೇಕು ಅನ್ನುವ ಕೋರಂ ಕೂಡ ಇಲ್ಲ. 2006ರ ಸೆಪ್ಟೆಂಬರ್ 14ರಂದು ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯ ಪ್ರಕಾರ ಈ ಸಭೆ ನಡೆಯುತ್ತದೆ. ಜನ ಏನು ಕೇಳಿದರು, ಕಂಪನಿ ಏನು ಉತ್ತರ ಕೊಟ್ಟಿತು, ಅದು ದಾಖಲಾಗಬೇಕು. ಅಷ್ಟೇ ಅದರ ಉದ್ದೇಶ. ನಡೆಸುವವರು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯವರು. ಅಧ್ಯಕ್ಷತೆ ಡಿಸಿಯವರದು, ಇಲ್ಲವೇ ಹೆಚ್ಚುವರಿ ಜಿಲ್ಲಾಧಿಕಾರಿಗಿಂತ ಕೆಳಗಿಲ್ಲದ ಅಧಿಕಾರಿಯದು. ಪೂರ್ತಿ ವಿಡಿಯೋ ಮಾಡಬೇಕು. ಸಭೆ ಮುಗಿದಾಗ ನಡಾವಳಿಯನ್ನು ಅಲ್ಲೇ ಜನರ ಭಾಷೆಯಲ್ಲಿ ಓದಿ ಹೇಳಬೇಕು. ಅವತ್ತೇ ಅದಕ್ಕೆ ಸಹಿ ಬೀಳಬೇಕು.

ಎಡವಟ್ಟಾಗೋದು ಈ ಕೊನೆಯಲ್ಲೇ. ಬೆಳಿಗ್ಗೆಯೆಲ್ಲ ಮೈಕಿಗಾಗಿ ಕಿತ್ತಾಡಿದ ಜನ ಊಟದ ಪೊಟ್ಟಣ ಬಂದ ಮೇಲೆ ಮನೆ ಕಡೆ ಹೊರಡುತ್ತಾರೆ. ನಡಾವಳಿ ಓದುವ ಹೊತ್ತಿಗೆ ಶಾಮಿಯಾನದಲ್ಲಿ ಉಳಿದಿರುವುದು ಅಧಿಕಾರಿಗಳು, ಕಂಪನಿಯವರು, ಕುರ್ಚಿ ಎತ್ತುವ ಹುಡುಗರು. ನೀವು ಊರಿನಿಂದ ಹತ್ತು ಜನರನ್ನು ಕೊನೆಯವರೆಗೆ ಕೂರಲೆಂದೇ ಗೊತ್ತು ಮಾಡಿ. ನೀವು ಹೇಳಿದ್ದು ನಡಾವಳಿಯಲ್ಲಿ ಬಂದಿಲ್ಲ ಅಂದರೆ ಅಲ್ಲೇ ಎದ್ದು ನಿಂತು ಹೇಳಬೇಕು. ಸಭೆಗೆ ಬರಲಾಗದವರು ಅರ್ಜಿ ಬರೆದು ಮಂಡಳಿಗೆ ಕಳಿಸಬಹುದು. ಅದಕ್ಕೂ ಅಷ್ಟೇ ಬೆಲೆ.

ಇನ್ನು, ಕಂಪನಿ ಮಾಡಿಸಿದ ಪರಿಸರ ಪರಿಣಾಮದ ಕರಡು ವರದಿ ಡಿಸಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಇರುತ್ತದೆ. ಸಾರಾಂಶ ಕನ್ನಡದಲ್ಲಿ ಸಿಗುತ್ತದೆ. ಆದರೆ ಸಾರಾಂಶದಲ್ಲಿ ಎಲ್ಲವೂ ಚೆಂದವೇ. ಇಂಗ್ಲಿಷ್ ಬಲ್ಲ ಒಬ್ಬ ಮೇಷ್ಟ್ರನ್ನೋ ಕಾಲೇಜು ಹುಡುಗಿಯನ್ನೋ ಕರೆದುಕೊಂಡು ಹೋಗಿ ಮೂಲ ವರದಿ ನೋಡಿ. ಇಡೀ ವರದಿ ಓದಲು ಹೋಗಬೇಡಿ, ತಲೆ ಕೆಡುತ್ತದೆ. ಮೂರು ಕಡೆ ನೋಡಿದರೆ ಸಾಕು. ನೀರಿನ ಅಧ್ಯಾಯದಲ್ಲಿ ನಿಮ್ಮೂರಿನ ಬಾವಿ ಲೆಕ್ಕಕ್ಕೆ ಬಂದಿದೆಯಾ? ಅದಿರು ಸಾಗಿಸುವ ದಾರಿ ಯಾವ ಊರಿನ ಒಳಗೆ ಹೋಗುತ್ತದೆ? ಕೆಲಸಗಾರರ ಪಟ್ಟಿಯಲ್ಲಿ ಕೌಶಲ ಬೇಡದ ಕೆಲಸ ಎಷ್ಟು ಜನಕ್ಕೆ?

ಈ ಮೂರನೆಯದನ್ನು ನಿಮ್ಮೂರಿನ ಹುಡುಗರಿಗೆ ಖಂಡಿತ ತೋರಿಸಿ. ಸಂಡೂರು, ಹೊಸಪೇಟೆ ಕಡೆ ಎರಡು ಸಾವಿರದ ಮೊದಲ ದಶಕದಲ್ಲಿ ಗಣಿಯೆಂದರೆ ಸಾವಿರಾರು ಕೈ. ಸುತ್ತಿಗೆ ಹಿಡಿದು ಕಲ್ಲು ಒಡೆಯುವವರು, ಆರಿಸುವವರು, ಬುಟ್ಟಿ ಹೊರುವವರು. ಅದರಲ್ಲಿ ಮಕ್ಕಳೂ ಇದ್ದರು, ಅದನ್ನು ಮರೆಯಬಾರದು. ಈಗ ಆ ಕೆಲಸವನ್ನು ಯಂತ್ರಗಳೇ ಮಾಡುತ್ತವೆ. 'ಸ್ಥಳೀಯರಿಗೆ ಆದ್ಯತೆ' ಅನ್ನುವುದು ಎಲ್ಲ ವರದಿಯಲ್ಲೂ ಇರುವ ಸಾಲು. ಸಂಖ್ಯೆ ಕೇಳಿ. ಯಾವ ಹುದ್ದೆ, ಎಷ್ಟು, ಟ್ರೈನಿಂಗ್ ಯಾರು ಕೊಡುತ್ತಾರೆ ಅಂತ ಕೇಳಿ. ಸಭೆಯಲ್ಲಿ ಕಂಪನಿ ಒಪ್ಪಿಕೊಂಡದ್ದು ಅದರ ಪರಿಸರ ನಿರ್ವಹಣಾ ಯೋಜನೆಯೊಳಗೆ ಸೇರಬೇಕು ಅಂತ ಕೇಂದ್ರ ಪರಿಸರ ಸಚಿವಾಲಯ 2020ರ ಸೆಪ್ಟೆಂಬರಿನಲ್ಲಿ ಸುತ್ತೋಲೆ ಹೊರಡಿಸಿದೆ. ಅಂದರೆ ಹೋಟೆಲಿನಲ್ಲಿ ಕೂತು ನಿಮ್ಮ ಮುಖಂಡರಿಗೆ ಕೊಟ್ಟ ಮಾತಿಗೆ ಬೆಲೆ ಇಲ್ಲ, ಮೈಕಿನಲ್ಲಿ ಕೊಟ್ಟ ಮಾತಿಗೆ ಇದೆ.

ಈಗ ನಿಮ್ಮ ದೊಡ್ಡ ಪ್ರಶ್ನೆಗೆ ಬರುತ್ತೇನೆ. ನನ್ನ ಕೆಲಸ ಅಂತರ್ಜಲದ್ದು. ಬಳ್ಳಾರಿ ಸೀಮೆಯ ಬಾವಿ, ಹಳ್ಳ, ಕೆರೆ ನೋಡುತ್ತಾ ಇಪ್ಪತ್ತು ವರ್ಷದ ಮೇಲಾಯಿತು. ಕಂಪನಿ ಮತ್ತು ಊರಿನ ನಡುವೆ ಎಷ್ಟೋ ಪಂಚಾಯ್ತಿಗಳಲ್ಲಿ ಕೂತಿದ್ದೇನೆ. ಜಗಳ ಶುರುವಾಗುವುದು ದುಡ್ಡಿನಿಂದ ಅಂತ ಕಂಪನಿಯವರು ಅಂದುಕೊಳ್ಳುತ್ತಾರೆ. ಊರಿನವರೂ ಕೆಲವೊಮ್ಮೆ ಹಾಗೇ ಅಂದುಕೊಳ್ಳುತ್ತಾರೆ. ನಾನು ಕಂಡ ಮಟ್ಟಿಗೆ, ಜಗಳ ಬೆಳೆಯುವುದು ಲೆಕ್ಕದಿಂದ. ಎಷ್ಟು ಅದಿರು ಹೋಯಿತು, ಎಷ್ಟು ನೀರು ಇಳಿಯಿತು, ಎಷ್ಟು ಧೂಳು ಬಿತ್ತು, ಎಷ್ಟು ದುಡ್ಡು ಬಂತು. ಈ ಎಲ್ಲ ಲೆಕ್ಕ ಒಂದೇ ಕಡೆಯವರ ಕೈಲಿದ್ದರೆ ಇನ್ನೊಂದು ಕಡೆಯವರಿಗೆ ಉಳಿಯುವುದು ಅನುಮಾನ ಮತ್ತು ಕಲ್ಲು ತೂರಾಟ.

ಒಂದು ಸಂಗತಿ ಹೇಳುತ್ತೇನೆ. ಕಂಪನಿಯ ಹೆಸರು, ಊರಿನ ಹೆಸರು ಬೇಡ. ಗುಡ್ಡದ ಬುಡದ ಒಂದು ಹಳ್ಳಿಯಲ್ಲಿ ಬಾವಿಗಳು ಬತ್ತಿದವು. ಊರಿನವರು ಮೈನ್ಸಿನಿಂದ ಅಂದರು. ಕಂಪನಿಯವರು ಮಳೆ ಇಲ್ಲದ್ದಕ್ಕೆ ಅಂದರು. ಇಬ್ಬರ ಮಾತೂ ನಿಜ ಇರಬಹುದಿತ್ತು. ನಮ್ಮ ಕಡೆಯ ಅದಿರಿನ ಗುಡ್ಡಗಳ ನೆತ್ತಿ ಒಂಥರಾ ಸ್ಪಂಜು ಇದ್ದ ಹಾಗೆ. ಬಿರುಕುಬಿಟ್ಟ ಅದಿರಿನ ಕಲ್ಲು ಮಳೆ ನೀರು ಕುಡಿದು ನಿಧಾನಕ್ಕೆ ಬುಡದ ಒರತೆಗಳಿಗೆ ಬಿಡುತ್ತದೆ. ನೆತ್ತಿ ಕಿತ್ತರೆ ಮಳೆ ನೀರು ಒಂದೇ ಸಲಕ್ಕೆ ಕೆಂಪಗೆ ಹರಿದು ಹೋಗುತ್ತದೆ. ಹೋಗುವಾಗ ಹೂಳು ತಂದು ಹಳ್ಳಕ್ಕೆ, ಕೆರೆಗೆ, ಹೊಲಕ್ಕೆ ಸುರಿಯುತ್ತದೆ. ಆದರೆ ಮೂರು ವರ್ಷ ಬರ ಬಿದ್ದರೂ ಬಾವಿ ಬತ್ತುತ್ತದೆ. ಯಾವುದು ಎಷ್ಟು ಅಂತ ಹೇಳಲು ಗಣಿ ಶುರುವಾಗುವ ಮೊದಲಿನ ನೀರಿನ ಮಟ್ಟ ಬೇಕು. ಅದು ಯಾರ ಹತ್ತಿರವೂ ಇರಲಿಲ್ಲ. ಒಬ್ಬ ಅಜ್ಜ ಮಾತ್ರ ಪ್ರತಿ ಯುಗಾದಿಗೆ ತನ್ನ ಬಾವಿಯ ಮೆಟ್ಟಿಲಿಗೆ ಸುಣ್ಣದ ಗುರುತು ಹಾಕಿಟ್ಟಿದ್ದ. ಯಾಕಜ್ಜ ಅಂದರೆ, 'ಸುಮ್ನೆ' ಅಂದ. ಅವತ್ತಿನ ಮಾತುಕತೆಯಲ್ಲಿ ಕಂಪನಿಯ ಎಂಜಿನಿಯರುಗಳು ಬಾಯಿ ಮುಚ್ಚಿದ್ದು ಆ ಸುಣ್ಣದ ಗೆರೆಗಳ ಮುಂದೆ ಮಾತ್ರ.

ಬೇರೆ ಕಡೆ ಏನಾಯಿತು ಅಂತ ಕೇಳಿದ್ದೀರಿ. ದೂರದ ಒಂದು ಉದಾಹರಣೆ ನನಗೆ ತುಂಬ ಇಷ್ಟ. ಅಮೆರಿಕದ ಅಲಾಸ್ಕಾದಲ್ಲಿ ರೆಡ್ ಡಾಗ್ ಅನ್ನುವ ಸತುವಿನ ಗಣಿ ಇದೆ. ಅಲ್ಲಿನ ಇನ್ಯುಪಿಯಾಟ್ ಜನರ ನಾನಾ ಅನ್ನುವ ಸಂಸ್ಥೆ ಆ ನೆಲದ ಒಡೆಯ. ಅವರು 1982ರಲ್ಲಿ ಕೊಮಿಂಕೊ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡರು. ಈಗ ಅದು ಟೆಕ್ ಕಂಪನಿ. ಗಣಿ ಶುರುವಾದದ್ದು 1989ರಲ್ಲಿ. ಹಾಕಿದ ಬಂಡವಾಳ ವಾಪಸಾದ ಮೇಲೆ ನಾನಾ ಸಂಸ್ಥೆಗೆ ನಿವ್ವಳ ಆದಾಯದಲ್ಲಿ 25% ಪಾಲು, ಐದೈದು ವರ್ಷಕ್ಕೆ ಅದು 5% ಏರುತ್ತಾ ಕೊನೆಗೆ ಸಮಪಾಲು. ಎಲ್ಲರೂ ಈ ಪಾಲಿನ ಬಗ್ಗೆಯೇ ಮಾತಾಡುತ್ತಾರೆ. ನನಗೆ ಮುಖ್ಯ ಅನಿಸುವುದು ಬೇರೆ. ಹತ್ತಿರದ ಎರಡು ಹಳ್ಳಿಗಳ ಹಿರಿಯರ ಒಂದು ಸಮಿತಿ ಇದೆ. ಅಲ್ಲಿನ ಜನರಿಗೆ ಕ್ಯಾರಿಬೂ ಅನ್ನುವ ಹಿಮಸಾರಂಗದ ಬೇಟೆಯೇ ಊಟ. ಆ ಹಿಂಡು ದಾಟುವ ಕಾಲದಲ್ಲಿ ಅದಿರು ಸಾಗಿಸುವ ಲಾರಿಗಳು ನಿಲ್ಲುತ್ತವೆ. ಕಂಪನಿ ಕೈ ಮುಗಿದು ದಾನ ಕೊಡುವುದು ಬೇರೆ, ಊರಿನ ಹಿರಿಯರ ಮಾತಿಗೆ ಅದರ ಲಾರಿ ನಿಲ್ಲುವುದು ಬೇರೆ.

ಹಾಗಂತ ಅಲ್ಲಿ ಎಲ್ಲವೂ ಸುಖವಾಗಿಲ್ಲ. ಗಣಿಯಿಂದ ಹೊಳೆಗೆ ಬಿಡುವ ನೀರಿನ ವಿಷಯಕ್ಕೆ ಕಿವಲಿನಾ ಅನ್ನುವ ಹಳ್ಳಿಯವರು ಕೋರ್ಟಿಗೆ ಹೋದರು. ಪಾಲುದಾರಿಕೆ ಇದ್ದರೂ ಹೋದರು.

ಪೆರು ದೇಶದ ತಿಂತಾಯ ತಾಮ್ರದ ಗಣಿಯದು ಇನ್ನೊಂದು ಕಥೆ. ಅಲ್ಲಿ 2003ರಲ್ಲಿ ಬಿಎಚ್‌ಪಿ ಬಿಲ್ಲಿಟನ್ ಕಂಪನಿ ಎಸ್ಪಿನಾರ್ ಪ್ರಾಂತ್ಯದ ಜನರ ಜೊತೆ ಒಪ್ಪಂದ ಮಾಡಿಕೊಂಡಿತು. ತೆರಿಗೆಗೆ ಮುಂಚಿನ ಲಾಭದಲ್ಲಿ 3%ವರೆಗೆ ಊರುಗಳಿಗೆ. ಇದು ಮಾದರಿ ಅಂತ ಎಷ್ಟೋ ಕಡೆ ಪಾಠ ಮಾಡಿದರು. ಗಣಿ 2006ರಲ್ಲಿ ಎಕ್ಸ್‌ಸ್ಟ್ರಾಟಾ ಕಂಪನಿಗೆ ಮಾರಾಟವಾಯಿತು. 2012ರ ಮೇನಲ್ಲಿ ಅದೇ ಎಸ್ಪಿನಾರ್‌ನಲ್ಲಿ ದೊಡ್ಡ ಗಲಾಟೆಯಾಗಿ ಸಾವು ನೋವಾಯಿತು. ಪಾಲು ಹೆಚ್ಚಿಸಿ ಅನ್ನುವುದು ಒಂದು ಕೂಗು. ನಮ್ಮ ನೀರು ಮಣ್ಣಿನಲ್ಲಿ ಲೋಹ ಸೇರುತ್ತಿದೆ, ನೀವು ಅಳೆದದ್ದನ್ನು ನಾವು ನಂಬಲ್ಲ ಅನ್ನುವುದು ಇನ್ನೊಂದು. ನೋಡಿ, ದುಡ್ಡು ಕೊಟ್ಟರೂ ಅಳತೆಗೋಲು ಕೊಡದಿದ್ದರೆ ಜಗಳ ಮುಂದಕ್ಕೆ ಹೋಗುತ್ತದೆ, ತೀರುವುದಿಲ್ಲ.

ನಮ್ಮ ಸಂಡೂರಿನ ಕಥೆ ನಿಮಗೆ ಗೊತ್ತಿದೆ. ಆದರೂ ಹುಡುಗರಿಗೆ ಹೇಳಲಿಕ್ಕೆ ಬೇಕಾಗುತ್ತದೆ, 2011ರಲ್ಲಿ ಅವರು ಚಿಕ್ಕವರು. ಚೀನಾದಲ್ಲಿ ಉಕ್ಕಿನ ಹಸಿವು ಹೆಚ್ಚಿದಾಗ ಅದಿರಿನ ಬೆಲೆ ಆಕಾಶಕ್ಕೆ ಏರಿತು. ಮೆಣಸಿನಕಾಯಿ, ಜೋಳ ಬೆಳೆಯುವ ಪಟ್ಟಾ ಹೊಲಗಳನ್ನೂ ಅದಿರಿಗಾಗಿ ಅಗೆದರು. ಗಡಿ ಕಲ್ಲು ಕಿತ್ತರು, ಪರ್ಮಿಟ್ ಇಲ್ಲದೆ ಸಾಗಿಸಿದರು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2008ರಲ್ಲಿ ಒಂದು, 2011ರ ಜುಲೈನಲ್ಲಿ ಇನ್ನೊಂದು ವರದಿ ಕೊಟ್ಟರು. ಎರಡನೆಯ ವರದಿ ಹೇಳಿದ ನಷ್ಟ 16 ಸಾವಿರ ಕೋಟಿ ರೂಪಾಯಿಗೂ ಮೇಲೆ. ಅತ್ತ ಸಮಾಜ ಪರಿವರ್ತನ ಸಮುದಾಯ ಅನ್ನುವ ಸಂಘಟನೆಯವರು ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2011ರ ಜುಲೈ 29ಕ್ಕೆ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರಿನದೂ ನಿಂತಿತು.

ಆಮೇಲೆ 166 ಲೀಸುಗಳನ್ನು ಒಂದೊಂದಾಗಿ ಅಳೆದರು. ತಪ್ಪಿಲ್ಲದವು ಅಥವಾ ತೀರ ಕಡಿಮೆ ತಪ್ಪಿನವು 'ಎ', ನಡುವಿನವು 'ಬಿ', ಮಿತಿ ಮೀರಿದವು 'ಸಿ'. 'ಸಿ' ಗುಂಪಿನ 49 ಲೀಸುಗಳು 2013ರ ಏಪ್ರಿಲ್ 18ರ ತೀರ್ಪಿನಲ್ಲಿ ರದ್ದಾದವು. ಉಳಿದವರು ಗಣಿ ಪ್ರದೇಶ ಸರಿಪಡಿಸುವ ಯೋಜನೆ ಮಾಡಿ, ದಂಡ ಕಟ್ಟಿ, ಒಂದೊಂದಾಗಿ ಶುರು ಮಾಡಿದರು. ವರ್ಷಕ್ಕೆ ಇಷ್ಟೇ ತೆಗೆಯಬೇಕು ಅಂತ ಮಿತಿ ಬಂತು. ಬಳ್ಳಾರಿಗೆ 2.5 ಕೋಟಿ ಟನ್ ಇದ್ದದ್ದು 2.8 ಕೋಟಿಯಾಗಿ, 2022ರ ಆಗಸ್ಟಿನಲ್ಲಿ 3.5 ಕೋಟಿ ಟನ್ ಆಗಿದೆ.

ಇದರಿಂದ ಊರಿಗೆ ಏನು ಸಿಕ್ಕಿತು? ಮಿಶ್ರ ಉತ್ತರ. ರಸ್ತೆಯ ಧೂಳು ಇಳಿಯಿತು. ಗಣಿಯಿಂದ ಕಾರ್ಖಾನೆಗೆ ಕನ್ವೇಯರ್ ಬೆಲ್ಟ್ ಬಂದವು. ಆದರೆ ಸಾಲ ಮಾಡಿ ಲಾರಿ ತಂದವರು ಕಂತು ಕಟ್ಟಲಾಗದೆ ಕೂತರು. ಫೈನಾನ್ಸಿನವರು ಗಾಡಿ ಎಳೆದುಕೊಂಡು ಹೋದರು. ಕೋರ್ಟಿಗೆ ಹೋದವರ ಮೇಲೆ ಅವತ್ತು ಸಿಟ್ಟಾಗಿದ್ದವರು ಗಣಿ ಮಾಲೀಕರಷ್ಟೇ ಅಲ್ಲ. ಗ್ಯಾರೇಜಿನವರು, ಚಹಾ ಅಂಗಡಿಯವರು, ಕ್ಲೀನರ್ ಹುಡುಗರೂ ಇದ್ದರು. ನಿಮ್ಮೂರಿನ ಲಾರಿ ಮಾಲೀಕರನ್ನು ದುಡ್ಡಿಗೆ ಮಾರಿಕೊಂಡವರು ಅಂತ ಬೈಯಬೇಡಿ. ಅವರನ್ನು ಒಂದೇ ಪ್ರಶ್ನೆ ಕೇಳಿ: ಈ ಹೊಸ ಗಣಿಯ ಅದಿರು ಲಾರಿಯಲ್ಲಿ ಹೋಗುತ್ತದಾ, ಬೆಲ್ಟಿನಲ್ಲಿ ಹೋಗುತ್ತದಾ? ಎಷ್ಟು ವರ್ಷ? ಆ ಉತ್ತರವೂ ವರದಿಯಲ್ಲಿದೆ. ಸಾಲ ಮಾಡುವ ಮೊದಲು ಓದಲಿ.

ಗಣಿ ಬಾಧಿತ ಪ್ರದೇಶ ಸರಿಪಡಿಸಲು ಅದಿರು ಮಾರಾಟದ ದುಡ್ಡಿನಲ್ಲಿ ಒಂದು ಪಾಲು ತೆಗೆದಿಡಿ ಅಂತ ಕೋರ್ಟು ಹೇಳಿತ್ತು. ಅದಕ್ಕಾಗಿ 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಆಯಿತು. ದುಡ್ಡು ಸೇರುತ್ತಾ ಹೋಯಿತು. 24 ಸಾವಿರ ಕೋಟಿಗೂ ಮೀರಿದ ಯೋಜನೆಗೆ ಸುಪ್ರೀಂ ಕೋರ್ಟಿನ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ. ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರನ್ನು ಉಸ್ತುವಾರಿಗೆ ಹಾಕಿದರು. ಗಣಿ ನಿಂತು 11 ವರ್ಷ ಆದ ಮೇಲೆ! ನಿಮ್ಮೂರಿನ ಹೆಸರು ಆ ಯೋಜನೆಯಲ್ಲಿ ಇದೆಯಾ, ಯಾವ ಕೆಲಸಕ್ಕೆ ಎಷ್ಟು ಅಂತ ಆರ್‌ಟಿಐ ಹಾಕಿ ಕೇಳಿ. ಹೊಸ ಗಣಿಯ ಮಾತು ಬರುವಾಗ ಹಳೆ ಬಾಕಿ ಕೇಳುವುದರಲ್ಲಿ ತಪ್ಪೇನಿಲ್ಲ, ಅಲ್ವಾ?

ದೇವಸ್ಥಾನದ ಚಾವಣಿಯ ಮಾತಿಗೆ ಬರೋಣ. ಚಾವಣಿ ಬೇಡ ಅನ್ನುವವರು ಯಾವ ಊರಲ್ಲೂ ಇಲ್ಲ. ಅದಕ್ಕೇ ಕಂಪನಿಗಳು ಮೊದಲು ಅದನ್ನೇ ಹಿಡಿದುಕೊಂಡು ಬರುತ್ತವೆ. ಆದರೆ ಕಂಪನಿಯ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ದುಡ್ಡು, ಧರ್ಮ ಅಲ್ಲ. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದಲ್ಲಿ 2% ಖರ್ಚು ಮಾಡಲೇಬೇಕು ಅಂತ 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಹೇಳುತ್ತದೆ. ಅದನ್ನೇ ಉಡುಗೊರೆಯ ಹಾಗೆ ಶಾಲು ಹಾಕಿಸಿಕೊಂಡು ಕೊಡುತ್ತಾರೆ.

ಅದಕ್ಕಿಂತ ದೊಡ್ಡದು ಜಿಲ್ಲಾ ಖನಿಜ ಪ್ರತಿಷ್ಠಾನ, ಎಲ್ಲರೂ ಡಿಎಂಎಫ್ ಅನ್ನುವುದು. ಗಣಿ ಬಾಧಿತ ಊರುಗಳಿಗಾಗಿ ಗಣಿಯವರು ದುಡ್ಡು ಕಟ್ಟುವ ನಿಧಿ ಅದು. ಇದರ ಲೆಕ್ಕ ಸುಲಭ. ಒಂದು ಟನ್ ಅದಿರಿನ ಸರಾಸರಿ ಬೆಲೆ 4,000 ರೂಪಾಯಿ ಅಂತ ಇಟ್ಟುಕೊಳ್ಳೋಣ, ಲೆಕ್ಕಕ್ಕೆ ಮಾತ್ರ. ಕಬ್ಬಿಣದ ಅದಿರಿಗೆ ಗಣಿಯವರು ಸರ್ಕಾರಕ್ಕೆ ಕಟ್ಟುವ ರಾಯಲ್ಟಿ 15%, ಅಂದರೆ 600 ರೂಪಾಯಿ. 2015ರ ಜನವರಿ 12ಕ್ಕಿಂತ ಹಳೆಯ ಲೀಸಾದರೆ ರಾಯಲ್ಟಿಯ 30% ಡಿಎಂಎಫ್‌ಗೆ, ಅಂದರೆ 180 ರೂಪಾಯಿ. ಹರಾಜಿನಲ್ಲಿ ಪಡೆದ ಲೀಸಾದರೆ 10%, ಅಂದರೆ 60 ರೂಪಾಯಿ. ನಿಮ್ಮದು ಹರಾಜಿನದು. ವರ್ಷಕ್ಕೆ 10 ಲಕ್ಷ ಟನ್ ತೆಗೆದರೆ 6 ಕೋಟಿ. ಅದೇ ಗುಡ್ಡದ ಪಕ್ಕದ ಹಳೆ ಗಣಿ ಅಷ್ಟೇ ತೆಗೆದರೆ 18 ಕೋಟಿ. ಹರಾಜಿನಲ್ಲಿ ಸರ್ಕಾರಕ್ಕೆ ಸಿಗುವ ಪ್ರೀಮಿಯಂ ದೊಡ್ಡದು, ನಿಜ. ಆದರೆ ಅದು ಹೋಗುವುದು ರಾಜ್ಯದ ಖಜಾನೆಗೆ. ಧೂಳು ಕುಡಿಯುವ ಊರಿನ ಪಾಲು ಮೂರರಲ್ಲಿ ಒಂದಕ್ಕೆ ಇಳಿದಿದೆ. ಇದು ನನಗೆ ಇವತ್ತಿಗೂ ಜೀರ್ಣವಾಗದ ಲೆಕ್ಕ.

ಆ 6 ಕೋಟಿಯೂ ನೇರ ನಿಮ್ಮೂರಿಗೆ ಬರುವುದಿಲ್ಲ, ಜಿಲ್ಲೆಯ ನಿಧಿಗೆ ಹೋಗುತ್ತದೆ. 2024ರ ಜನವರಿಯ ಹೊಸ ಮಾರ್ಗಸೂಚಿಯ ಪ್ರಕಾರ ಗಣಿಯಿಂದ 15 ಕಿ.ಮೀ. ಒಳಗಿನ ಪ್ರದೇಶ 'ನೇರ ಬಾಧಿತ'. ಕನಿಷ್ಠ 70% ದುಡ್ಡು ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಪರಿಸರ ಇಂಥದ್ದಕ್ಕೆ ಹೋಗಬೇಕು. ಹೀಗಿದ್ದೂ ಕಟ್ಟಡ ಕಟ್ಟುವ ಆಸೆ ಯಾರಿಗೂ ಹೋಗಿಲ್ಲ. ಕಟ್ಟಡಕ್ಕೆ ಶಂಕುಸ್ಥಾಪನೆ ಮಾಡಬಹುದು, ಉದ್ಘಾಟನೆ ಮಾಡಬಹುದು. ಬಾವಿಯ ನೀರು ಪರೀಕ್ಷೆಗೆ ರಿಬ್ಬನ್ ಕಟ್ಟಲಿಕ್ಕಾಗುವುದಿಲ್ಲ ನೋಡಿ.

ಪೂರ್ತಿ ಬೇಡ ಅನ್ನುವ ದಾರಿಯೂ ಇದೆಯಾ? ಇದೆ. ಗದಗದ ಕಪ್ಪತಗುಡ್ಡ ನಿಮ್ಮ ಹತ್ತಿರದ ಉದಾಹರಣೆ. 2015ರ ಕೊನೆಗೆ ಅದನ್ನು ಸಂರಕ್ಷಿತ ಪ್ರದೇಶ ಅಂತ ಘೋಷಿಸಿದ ಸರ್ಕಾರ, ಮುಂದಿನ ವರ್ಷ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಚಿನ್ನದ ಗಣಿಯ ಮಾತು ಹಿಂದೆಯೇ ಇತ್ತು. 2017ರ ಫೆಬ್ರವರಿಯಲ್ಲಿ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಗದಗದಲ್ಲಿ ಧರಣಿಯಾಯಿತು. ಕೆಲವೇ ವಾರಗಳಲ್ಲಿ ಸರ್ಕಾರ ಮತ್ತೆ ಆ ಸ್ಥಾನ ಕೊಟ್ಟಿತು. 2019ರಲ್ಲಿ ಅದು ವನ್ಯಜೀವಿ ಧಾಮವಾಯಿತು. ಅಲ್ಲಿ ಜನ ಒಂದಾಗಿದ್ದರು, ಮಠ ಜೊತೆಗಿತ್ತು, ಔಷಧಿ ಗಿಡಗಳ ಗುಡ್ಡ ಅನ್ನುವ ಹೆಮ್ಮೆ ಇತ್ತು. ನಿಮ್ಮಲ್ಲಿ ಊರೇ ಎರಡಾಗಿದೆ.

ಒಡಿಶಾದ ನಿಯಮಗಿರಿ ಗುಡ್ಡದ ಜನ ಗೆದ್ದದ್ದು ಇನ್ನೊಂದು ರೀತಿ, ಸುಪ್ರೀಂ ಕೋರ್ಟಿನಲ್ಲಿ. ಆ ತೀರ್ಪು ಬಂದದ್ದು ಕೂಡ 2013ರ ಏಪ್ರಿಲ್ 18ಕ್ಕೆ, ಅಂದರೆ ಬಳ್ಳಾರಿ ತೀರ್ಪು ಬಂದ ದಿನವೇ. ವೇದಾಂತ ಕಂಪನಿಗೆ ಬಾಕ್ಸೈಟ್, ಅಂದರೆ ಅಲ್ಯೂಮಿನಿಯಂ ಅದಿರು, ಕೊಡಬೇಕಾ ಅಂತ ಗ್ರಾಮಸಭೆಗಳನ್ನೇ ಕೇಳಿ ಅಂದಿತು ಕೋರ್ಟು. ಡೋಂಗ್ರಿಯಾ ಕೊಂಧ ಜನರ ಆ ಗುಡ್ಡದ 12 ಹಳ್ಳಿಗಳಲ್ಲಿ ಸಭೆ ಸೇರಿತು. ಹನ್ನೆರಡೂ ಬೇಡ ಅಂದವು. ಗುಡ್ಡವೇ ನಮ್ಮ ದೇವರು ಅನ್ನುವ ಮಾತಿಗೆ ಕಾನೂನಿನಲ್ಲಿ ಜಾಗ ಸಿಕ್ಕಿತು.

ನಿಮಗೆ ಆ ದಾರಿ ಅಷ್ಟು ಸಲೀಸಲ್ಲ. ಬುಡಕಟ್ಟು ಜನರಿಗೆ ಸಂವಿಧಾನ ವಿಶೇಷ ರಕ್ಷಣೆ ಕೊಡುವ ಐದನೇ ಅನುಸೂಚಿಯ ಪ್ರದೇಶ ಕರ್ನಾಟಕದಲ್ಲಿ ಇಲ್ಲ. ಉಳಿಯುವುದು 2006ರ ಅರಣ್ಯ ಹಕ್ಕು ಕಾಯ್ದೆ. ನಿಮ್ಮ ಗುಡ್ಡ ಅರಣ್ಯ ಇಲಾಖೆಯದಾ, ಕಂದಾಯದ್ದಾ ಅಂತ ನೀವು ಬರೆದಿಲ್ಲ. ಅರಣ್ಯವಾಗಿದ್ದರೆ, ಕುರಿ ಮೇಯಿಸುವುದು, ಸೀತಾಫಲ ಆರಿಸುವುದು, ಇಂಥ ಸಮುದಾಯ ಹಕ್ಕುಗಳಿಗೆ ಗ್ರಾಮಸಭೆಯಿಂದ ಅರ್ಜಿ ಹಾಕಬಹುದು. ಇಲ್ಲೊಂದು ಗಂಟು ಇದೆ. ನಾಯಕರು ನಮ್ಮಲ್ಲಿ ಪರಿಶಿಷ್ಟ ಪಂಗಡ. ಲಂಬಾಣಿಗಳು ಪರಿಶಿಷ್ಟ ಜಾತಿ. ಕುರುಬರು ಹಿಂದುಳಿದ ವರ್ಗ. ಪಂಗಡದವರಲ್ಲದವರು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದದ್ದಕ್ಕೆ ಪುರಾವೆ ತೋರಿಸಬೇಕು. ಹಳೆ ಪಹಣಿ, ದೇವಸ್ಥಾನದ ದಾಖಲೆ, ಹಿರಿಯರ ಹೇಳಿಕೆ, ಸಿಕ್ಕಿದ್ದೆಲ್ಲ ಈಗಲೇ ಜೋಡಿಸಿ.

ನಿಮ್ಮ ಸಂಡೂರಿನ ದೇವದಾರಿ ಬೆಟ್ಟದ ಗಲಾಟೆ ನೀವೇ ಕಣ್ಣಾರೆ ನೋಡಿದ್ದೀರಿ. ಕೇಂದ್ರ ಸರ್ಕಾರದ ಕುದುರೆಮುಖ ಕಂಪನಿಗೆ ಸುಮಾರು 400 ಹೆಕ್ಟೇರ್ ಅರಣ್ಯ ಕೊಡುವ ವಿಷಯ 2024ರಲ್ಲಿ ಕೇಂದ್ರ, ರಾಜ್ಯದ ಜಟಾಪಟಿಯಾಯಿತು. ಜನ ಬೀದಿಗಿಳಿದಿದ್ದರಿಂದ ಆ ವಿಷಯ ಬೆಂಗಳೂರು, ದೆಹಲಿಯವರೆಗೆ ಮುಟ್ಟಿತು. ಕಾಗದದ ಹೋರಾಟಕ್ಕೆ ಬೀದಿಯ ಹೋರಾಟ ಬಲ ಕೊಡುತ್ತದೆ. ಅದಕ್ಕೇ ನಾನು ಜಗಳ ಆಡಬೇಡಿ ಅನ್ನುವವನಲ್ಲ. ಜಗಳ ಆಡದ ಊರಿನ ಜೊತೆ ಯಾವ ಕಂಪನಿಯೂ ಒಪ್ಪಂದಕ್ಕೆ ಕೂತಿದ್ದನ್ನು ನಾನು ನೋಡಿಲ್ಲ. ಲಾರಿ ಅಡ್ಡ ಹಾಕಿದ ಮೇಲೆಯೇ ರಸ್ತೆಗೆ ನೀರು ಹೊಡೆಯುವ ಟ್ಯಾಂಕರ್ ಬರುವುದು. ತಪ್ಪಾಗುವುದು ಟ್ಯಾಂಕರ್ ಬಂದ ದಿನ ಹಾರ ಹಾಕಿ ಮನೆಗೆ ಹೋದರೆ. ಆರು ತಿಂಗಳಿಗೆ ಟ್ಯಾಂಕರ್ ನಿಲ್ಲುತ್ತದೆ, ಮತ್ತೆ ಮೊದಲಿನಿಂದ.

ಗಣಿ ಬರುವುದೇ ಖಚಿತ ಅಂತಾದರೆ ಏನು ಕೇಳಬೇಕು? ನನ್ನನ್ನು ಕೇಳಿದರೆ, ಚಾವಣಿ ಕೊನೆಗೆ. ಮೊದಲು ಊರಿನದೇ ಒಂದು ಸಮಿತಿ. ಅದರಲ್ಲಿ ಹೆಂಗಸರು ಇರಬೇಕು, ಯಾಕೆಂದರೆ ನೀರು ಎಷ್ಟು ದೂರ ಹೋಯಿತು ಅಂತ ಮೊದಲು ಗೊತ್ತಾಗುವುದು ಅವರಿಗೆ. ಕುರಿ ಕಾಯುವವರು ಇರಬೇಕು. ಲಾರಿ ಮಾಲೀಕರೂ ಇರಲಿ, ಹೊರಗಿಟ್ಟರೆ ಕಂಪನಿ ಅವರನ್ನು ಒಳಗೆ ಕರೆದುಕೊಳ್ಳುತ್ತದೆ. ಬಾವಿ, ಧೂಳು ಅಳೆಯುವಾಗ ಸಮಿತಿಯವರು ಜೊತೆಗೆ ನಿಲ್ಲಬೇಕು. ನೀರಿನ ಮಟ್ಟ ಇಷ್ಟಕ್ಕಿಂತ ಇಳಿದರೆ ಗಣಿಯ ಪಂಪು ನಿಲ್ಲಿಸಬೇಕು, ಧೂಳು ಇಷ್ಟಕ್ಕಿಂತ ಏರಿದರೆ ಸಾಗಣೆ ನಿಲ್ಲಿಸಬೇಕು ಅಂತ ಸಂಖ್ಯೆ ಬರೆದ ಒಪ್ಪಂದ ಬೇಕು. ರಾತ್ರಿ ಬ್ಲಾಸ್ಟಿಂಗ್ ಬೇಡ, ಶಾಲೆ ಬಿಡುವ ಹೊತ್ತಿಗೆ ಟಿಪ್ಪರ್ ಓಡಾಟ ಬೇಡ ಅನ್ನುವುದೂ ಅದರಲ್ಲೇ ಬರಲಿ. ಪರಿಸರ ಅನುಮತಿಯ ಷರತ್ತು ಪಾಲಿಸಿದ್ದೇವೆ ಅಂತ ಕಂಪನಿ ವರ್ಷಕ್ಕೆ ಎರಡು ಸಲ, ಜೂನ್ 1ಕ್ಕೆ, ಡಿಸೆಂಬರ್ 1ಕ್ಕೆ, ವರದಿ ಕೊಡಬೇಕು. ಅದರ ಕನ್ನಡ ಪ್ರತಿ ಗ್ರಾಮಸಭೆಯಲ್ಲಿ ಓದಲಿ. ಕೇಳಿಸಿಕೊಳ್ಳುವವರ ಹೊಲದ ಬಗ್ಗೆಯೇ ಸುಳ್ಳು ಓದುವುದು ಕಷ್ಟ.

ಗಣಿ ಮುಗಿದ ಮೇಲೆ ಏನು ಅನ್ನುವುದನ್ನೂ ಈಗಲೇ ಕೇಳಿ. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಒಂದು ಒಳ್ಳೆಯ ಮಾತು ಹೇಳಿದೆ: ಅಗೆದು ಮುಗಿದ ಜಾಗದಲ್ಲಿ ದನ ಕುರಿ ಮೇಯುವ ಹಾಗೆ ಮತ್ತೆ ಹುಲ್ಲು ಬೆಳೆಸುವ ಷರತ್ತು ಹಾಕಬೇಕು ಅಂತ. ನಿಮ್ಮ ಕುರಿಗಾಹಿಗಳಿಗೆ ಇದು ಗೊತ್ತಿರಲಿ. ಮುಗಿದ ಮೇಲಿನ ಮಾತು ಕೇಳದ ಊರು ಹೇಗಿರುತ್ತದೆ ಅಂತ ನೋಡಬೇಕಾದರೆ ಕೋಲಾರದ ಕೆಜಿಎಫ್‌ಗೆ ಹೋಗಿ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಸೈನೈಡ್ ಮಣ್ಣಿನ ದಿಬ್ಬಗಳು ಅಲ್ಲೇ ಇವೆ. ಊರಿನ ದುಡಿಯುವ ಜನ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗುತ್ತಾರೆ.

ಇದೆಲ್ಲಕ್ಕಿಂತ ಮೊದಲು ಮಾಡಬೇಕಾದ ಒಂದು ಕೆಲಸ ಇದೆ. ಅದಕ್ಕೆ ಊರು ಒಂದಾಗುವವರೆಗೆ ಕಾಯಬೇಕಿಲ್ಲ, ಬರಲಿ ಅನ್ನುವವರೂ ಬೇಡ ಅನ್ನುವವರೂ ಸೇರಿಯೇ ಮಾಡಬಹುದು. ನಾಳೆ ಬೆಳಿಗ್ಗೆ, ಯಾರೂ ಪಂಪು ಹಾಕುವ ಮೊದಲು, ಊರಿನ ಎಲ್ಲ ತೆರೆದ ಬಾವಿಗಳ ಮತ್ತು ಉಪಯೋಗಿಸದ ಬೋರ್‌ವೆಲ್‌ಗಳ ನೀರಿನ ಮಟ್ಟ ಅಳೆಯಿರಿ. ಹಗ್ಗದ ತುದಿಗೆ ಕಲ್ಲು ಕಟ್ಟಿದರೆ ಸಾಕು. ಬಾವಿಯ ಕಟ್ಟೆಯಿಂದ ನೀರಿಗೆ ಎಷ್ಟು ಅಡಿ ಅಂತ ಬರೆದುಕೊಳ್ಳಿ. ತಾರೀಖು, ಸರ್ವೆ ನಂಬರ್, ಬಾವಿಯವರ ಸಹಿ. ಮೊಬೈಲಿನಲ್ಲಿ ಫೋಟೊ, ಅವತ್ತಿನ ಪೇಪರ್ ಕಾಣುವ ಹಾಗೆ. ಕೇಂದ್ರ ಅಂತರ್ಜಲ ಮಂಡಳಿಯವರು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತಾರೆ: ಜನವರಿ, ಬೇಸಿಗೆ, ಆಗಸ್ಟ್, ನವೆಂಬರ್. ಮುಂದೆ ನೀವೂ ಅದೇ ತಿಂಗಳು ಹಿಡಿಯಿರಿ, ಹೋಲಿಸಲು ಬರುತ್ತದೆ. ಪಟ್ಟಿಗೆ ಪಿಡಿಒ ಹತ್ತಿರ ಸೀಲು ಹಾಕಿಸಿ ಎರಡು ಪ್ರತಿ ಮಾಡಿ. ಒಂದನ್ನು ಸಭೆಯ ದಿನ ಎಲ್ಲರೆದುರು ಓದಿ ಡಿಸಿಯವರ ಕೈಗೆ ಕೊಡಿ. ಸ್ವೀಕೃತಿ ತೆಗೆದುಕೊಳ್ಳುವುದು ಮರೆಯಬೇಡಿ.